ವಿಮಾನ ದುರಂತಗಳ ಅತಿಪ್ರಚಾರ ಮತ್ತು ವರ್ತಕರ ಹೊಣೆ

ಪೇಟೆಯಲ್ಲಿ ಮಾರಾಟವಾಗುವ ಪ್ರತಿಯೊಂದು ಸರಕಿಗೂ ತೂಕವಿದೆ, ಅಳತೆಯಿದೆ. ತೂಕದಲ್ಲಿ ವ್ಯತ್ಯಾಸ ಕಂಡುಬಂದರೆ ಕೇಳುವ ಇಲಾಖೆಯೂ ಇದೆ, ದಂಡ ವಿಧಿಸುವ ಕಾನೂನೂ ಇದೆ. ಸುದ್ದಿ ಎಂಬುದೂ ಇಂದು ಒಂದು ಸರಕೇ ಆಗಿದೆ. ಆದರೆ ಅದರ ತೂಕವನ್ನು ಪರೀಕ್ಷಿಸುವ ತಕ್ಕಡಿ ಯಾರ ಕೈಯಲ್ಲಿಯೂ ಇಲ್ಲ. ಈ ಸರಕಿನ ಬೆಲೆಯನ್ನು ಜಾಹೀರಾತಿನ ಮೂಲಕ ತೆರುವವರು ವರ್ತಕರು ಮತ್ತು ಉದ್ಯಮಿಗಳಾದುದರಿಂದ, ಅದರ ತೂಕವನ್ನು ಕೇಳುವ ಹಕ್ಕೂ ಹೊಣೆಯೂ ಅವರಿಗೆ ಸೇರಿದ್ದಾಗಿದೆ.

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ವಿದ್ಯಾರ್ಥಿನಿಲಯದ ಮೇಲೆ ಬಿದ್ದು, ವಿಮಾನದಲ್ಲಿದ್ದ 242 ಜನರಲ್ಲಿ 241 ಮಂದಿಯೂ, ನೆಲದ ಮೇಲಿದ್ದ 19 ಮಂದಿಯೂ ಸೇರಿ 260 ಜನರು ಪ್ರಾಣ ಕಳೆದುಕೊಂಡರು. ಇಡೀ ದೇಶವೇ ಮರುಗಿದ ಘಟನೆ ಇದು. ಇದಕ್ಕೆ ಪ್ರಚಾರ ದೊರೆಯಬಾರದೆಂದು ಯಾರೂ ಹೇಳಲಾರರು. ಆದರೆ ಅಂದು ಮಧ್ಯಾಹ್ನದಿಂದ ಮೊದಲ್ಗೊಂಡು ಹಲವು ದಿನಗಳವರೆಗೆ ಸುದ್ದಿವಾಹಿನಿಗಳಲ್ಲಿ ಬೇರೆ ವಿಷಯಕ್ಕೆ ಎಡೆಯೇ ಇರಲಿಲ್ಲವೆನ್ನಬಹುದು. ಬದುಕುಳಿದ ಏಕೈಕ ಪ್ರಯಾಣಿಕ ಕುಳಿತಿದ್ದ 11ಎ ಆಸನದ ಅದೃಷ್ಟದ ಬಗೆಗೂ ಚರ್ಚೆಗಳು ನಡೆದವು.

ಅದೇ ವರ್ಷದ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣುಗಳನ್ನು ಹೇರಿಕೊಂಡು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಉರುಳಿ, ಅದರಲ್ಲಿದ್ದ ಹತ್ತು ಮಂದಿ ವ್ಯಾಪಾರಿಗಳು ಮೃತಪಟ್ಟರು. ಸಂತೆಯಿಂದ ಸಂತೆಗೆ ತಿರುಗಿ ಹೊಟ್ಟೆ ಹೊರೆಯುವ ಸಣ್ಣ ವರ್ತಕರು ಅವರು. ಈ ಸುದ್ದಿಯ ಆಯುಷ್ಯ ಒಂದೆರಡು ದಿನ ಮಾತ್ರ. ಅವರ ಕುಟುಂಬಗಳು ಮುಂದೆ ಹೇಗೆ ಬದುಕಿದವು, ಸರಕಿನ ಲಾರಿಯಲ್ಲಿ ಜನರು ಕುಳಿತು ಹೋಗುವ ಪದ್ಧತಿ ಏಕೆ ನಿಂತಿಲ್ಲ ಎಂಬ ಪ್ರಶ್ನೆಗಳಿಗಾಗಿ ಯಾವ ವಾಹಿನಿಯೂ ವಾರಗಟ್ಟಲೆ ಪರಿಣತರನ್ನು ಕೂಡಿಸಲಿಲ್ಲ.

ಲೆಕ್ಕ ಹೇಳುವ ಮಾತು

ವರ್ತಕರಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಜನರು ಮೃತಪಟ್ಟರು. ಎಂದರೆ ದಿನವೊಂದಕ್ಕೆ ಸುಮಾರು 461, ಗಂಟೆಯೊಂದಕ್ಕೆ ಸುಮಾರು 19 ಮಂದಿ. ಅಹಮದಾಬಾದಿನಲ್ಲಿ ಒಟ್ಟು ಎಷ್ಟು ಜನರು ಸತ್ತರೋ ಅಷ್ಟು ಜನರು ಭಾರತದ ರಸ್ತೆಗಳಲ್ಲಿ ಹದಿನಾಲ್ಕು ಗಂಟೆಗಳೊಳಗೆ ಸಾಯುತ್ತಾರೆ. ಕರ್ನಾಟಕವೊಂದರಲ್ಲಿಯೇ ಆ ವರ್ಷ 11 ಸಾವಿರಕ್ಕೂ ಹೆಚ್ಚು ಜನರು ರಸ್ತೆ ಅಪಘಾತಗಳಿಗೆ ಬಲಿಯಾದರು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ ಮಡಿದವರು 158 ಮಂದಿ. ರಾಜ್ಯದ ರಸ್ತೆಗಳಲ್ಲಿ ಆ ಪ್ರಮಾಣದ ಸಾವು ಪ್ರತಿ ಐದು ದಿನಕ್ಕೊಮ್ಮೆ ಘಟಿಸುತ್ತಿದೆ.

ಇನ್ನೊಂದೆಡೆ, 2023ರ ಇಡೀ ವರ್ಷದಲ್ಲಿ ಜಗತ್ತಿನಲ್ಲೆಲ್ಲಿಯೂ ಪ್ರಯಾಣಿಕರ ಜೆಟ್ ವಿಮಾನದ ಅಪಘಾತದಲ್ಲಿ ಪ್ರಯಾಣಿಕರ ಸಾವು ಸಂಭವಿಸಲಿಲ್ಲವೆಂದು ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘವು ಪ್ರಕಟಿಸಿತು. ಆ ವರ್ಷದ ದೊಡ್ಡ ದುರಂತವೆಂದರೆ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ ಬಿದ್ದ ಟರ್ಬೊಪ್ರಾಪ್ ವಿಮಾನದ್ದು. ಅದರಲ್ಲಿ 72 ಮಂದಿ ಮಡಿದರು. ಆ ಸುದ್ದಿಯನ್ನು ಅರಿತ ಜನರು ಅನೇಕರು. ಉಳಿದ ಜೆಟ್ ವಿಮಾನಗಳು ಸುರಕ್ಷಿತವಾಗಿ ಇಳಿದುದನ್ನು ಅರಿತವರು ವಿರಳ. ಸುರಕ್ಷಿತವಾಗಿ ಇಳಿದ ವಿಮಾನ ಸುದ್ದಿಯಲ್ಲ. ದಿನವೂ ಉರುಳುವ ಲಾರಿಯೂ ಸುದ್ದಿಯಲ್ಲ. ಈ ಎರಡು ಮೌನಗಳ ನಡುವೆ ಜನರ ಮನಸ್ಸಿನಲ್ಲಿ ಅಪಾಯದ ಲೆಕ್ಕವೇ ತಲೆಕೆಳಗಾಗುತ್ತದೆ.

ಮನಸ್ಸಿನ ತಕ್ಕಡಿ

ಯಾವ ಘಟನೆ ಸುಲಭವಾಗಿ ನೆನಪಿಗೆ ಬರುವುದೋ ಅದೇ ಹೆಚ್ಚು ಸಂಭವನೀಯವೆಂದು ಮನುಷ್ಯನು ಭಾವಿಸುತ್ತಾನೆಂಬುದನ್ನು ಆಮೊಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿಯೇ ವಿವರಿಸಿದ್ದರು. ಉರಿಯುವ ವಿಮಾನದ ಚಿತ್ರವನ್ನು ನೂರು ಸಲ ನೋಡಿದವನಿಗೆ ವಿಮಾನವೇ ಮೃತ್ಯುವಾಗಿ ಕಾಣುವುದು ಸಹಜ. ಇದು ಕೇವಲ ಪುಸ್ತಕದ ಮಾತಲ್ಲ. 2001ರ ಸೆಪ್ಟೆಂಬರ್ 11ರ ದಾಳಿಗಳ ನಂತರ ಅಮೆರಿಕದ ಅನೇಕರು ವಿಮಾನವನ್ನು ತೊರೆದು ಕಾರು ಹತ್ತಿದರು. ಅದರ ಫಲವಾಗಿ ಮುಂದಿನ ಹನ್ನೆರಡು ತಿಂಗಳುಗಳಲ್ಲಿ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರೆಂದು ಜರ್ಮನಿಯ ಮನಃಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್ ಅಂದಾಜಿಸಿದ್ದಾರೆ. ಭಯವು ಅವರನ್ನು ಸುರಕ್ಷಿತ ದಾರಿಯಿಂದ ಅಪಾಯದ ದಾರಿಗೆ ತಳ್ಳಿತು.

ಬೆಳಗಾವಿಯ ಮಟ್ಟಿಗೆ ಈ ಮಾತಿಗೆ ನೇರ ಸಂಬಂಧವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ನಿರ್ಮಾಣಗೊಂಡ ಸಾಂಬ್ರಾ ನಿಲ್ದಾಣಕ್ಕೆ 2017ರ ಸೆಪ್ಟೆಂಬರಿನಲ್ಲಿ ಹೊಸ ಟರ್ಮಿನಲ್ ಕಟ್ಟಡ ದೊರೆಯಿತು. ಮರುವರ್ಷವೇ ವಿಮಾನ ಸೇವೆಗಳು ಹುಬ್ಬಳ್ಳಿಯತ್ತ ಸರಿದಾಗ ಈ ನಗರದ ವರ್ತಕರೂ ಉದ್ಯಮಿಗಳೂ ಪಟ್ಟ ಪರಿಪಾಟಲು ಮರೆಯುವಂಥದ್ದಲ್ಲ. ಉಡಾನ್ ಯೋಜನೆಯಡಿ ಸೇವೆಗಳು ಮರಳಿದುದು ಅನಂತರ. ಸಣ್ಣ ನಿಲ್ದಾಣದ ಸೇವೆ ಉಳಿಯುವುದು ಆಸನಗಳು ತುಂಬಿದರೆ ಮಾತ್ರ. 2025ರ ಆಗಸ್ಟ್‌ನಲ್ಲಿ ಸಾಂಬ್ರಾದಿಂದ ಮುಂಬಯಿಗೆ ಹೊರಟ ವಿಮಾನವೊಂದು ತಾಂತ್ರಿಕ ದೋಷ ಕಂಡುಬಂದ ಕೂಡಲೇ ಹಿಂದಿರುಗಿ ಸುರಕ್ಷಿತವಾಗಿ ಇಳಿಯಿತು. ದೋಷವು ಗೋಚರಿಸಿದಾಗ ವಿಮಾನವನ್ನು ಮರಳಿ ಇಳಿಸುವುದೇ ಸುರಕ್ಷತಾ ವ್ಯವಸ್ಥೆಯು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಆದರೆ ಅಹಮದಾಬಾದಿನ ದೃಶ್ಯಗಳು ಹಸಿಯಾಗಿರುವಾಗ ಅದೇ ಘಟನೆಯು ‘ಕೂದಲೆಳೆಯಲ್ಲಿ ತಪ್ಪಿದ ದುರಂತ’ವಾಗಿ ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡವನು ಮುಂಬಯಿಗೆ ರಾತ್ರಿಯ ಕಾರು ಪ್ರಯಾಣವನ್ನು ಆರಿಸಿಕೊಂಡರೆ ಅವನಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ.

ಊಹೆಯ ವ್ಯಾಪಾರ

ವಾಹಿನಿಗಳು ಹೀಗೇಕೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ಉತ್ತರವೂ ವ್ಯಾಪಾರದಲ್ಲಿಯೇ ಇದೆ. ವಿಮಾನ ಬೀಳುವುದು ಒಂದೇ ಸ್ಥಳದಲ್ಲಿ. ಒಂದು ಪ್ರಸಾರ ವಾಹನವನ್ನು ಅಲ್ಲಿಗೆ ಕಳುಹಿಸಿದರೆ ಸಾಕು. ಉಳಿದ ಗಂಟೆಗಳನ್ನು ಸ್ಟುಡಿಯೋದಲ್ಲಿ ನಾಲ್ವರು ಅತಿಥಿಗಳ ಮಾತಿನಿಂದ ಕಡಿಮೆ ಖರ್ಚಿನಲ್ಲಿ ತುಂಬಿಸಬಹುದು. ರಸ್ತೆಯ 461 ಸಾವುಗಳು ನೂರಾರು ಸ್ಥಳಗಳಲ್ಲಿ ಹಂಚಿಹೋಗಿರುತ್ತವೆ. ಅವುಗಳ ಕಾರಣವನ್ನು ಹುಡುಕಲು ನೂರಾರು ವರದಿಗಾರರು ತಿಂಗಳುಗಟ್ಟಲೆ ದುಡಿಯಬೇಕು. ಹತ್ತು ಸೆಕೆಂಡಿನ ಲೆಕ್ಕದಲ್ಲಿ ಮಾರಾಟವಾಗುವ ಜಾಹೀರಾತಿಗೆ ಮೊದಲನೆಯದು ಲಾಭ, ಎರಡನೆಯದು ನಷ್ಟ.

ಕಾರಣ ತಿಳಿಯುವ ಮುನ್ನವೇ ಗಂಟೆಗಳನ್ನು ತುಂಬಿಸಬೇಕಾದಾಗ ಊಹೆಯೇ ಸರಕಾಗುತ್ತದೆ. 2014ರ ಮಾರ್ಚ್‌ನಲ್ಲಿ 239 ಜನರೊಡನೆ ಮಲೇಷ್ಯಾದ ವಿಮಾನವು ಕಾಣೆಯಾದಾಗ ಅಮೆರಿಕದ ಸಿಎನ್‌ಎನ್ ವಾಹಿನಿಯು ವಾರಗಟ್ಟಲೆ ಅದನ್ನೇ ಪ್ರಸಾರ ಮಾಡಿತು. ವಿಮಾನವನ್ನು ಕೃಷ್ಣರಂಧ್ರವು ನುಂಗಿರಬಹುದೇ ಎಂಬ ಪ್ರಶ್ನೆಯೂ ಅಲ್ಲಿ ಕೇಳಿಬಂದಿತು. ಅಹಮದಾಬಾದಿನ ಸಂದರ್ಭದಲ್ಲಿ ಮೊದಲ ವಾರವೆಲ್ಲ ಹಕ್ಕಿ ಬಡಿದಿರಬಹುದು, ರೆಕ್ಕೆಯ ಫ್ಲಾಪ್‌ಗಳು ಸರಿಯಾಗಿ ಇಳಿದಿರಲಿಕ್ಕಿಲ್ಲ, ಇಂಧನ ಕಲುಷಿತವಾಗಿರಬಹುದು ಎಂಬ ಊಹೆಗಳು ಹರಿದಾಡಿದವು. ಜುಲೈ 12ರಂದು ವಿಮಾನ ಅಪಘಾತ ತನಿಖಾ ದಳದ ಪ್ರಾಥಮಿಕ ವರದಿ ಹೊರಬಂದಾಗ, ವಿಮಾನದ ಮಾರ್ಗದಲ್ಲಿ ಗಣನೀಯವಾದ ಹಕ್ಕಿಗಳ ಸಂಚಾರ ಕಂಡುಬಂದಿರಲಿಲ್ಲ. ಫ್ಲಾಪ್‌ನ ಹಿಡಿಕೆಯು ಮೇಲೇರುವಾಗ ಇರಬೇಕಾದ ಸ್ಥಾನದಲ್ಲಿಯೇ ಇತ್ತು. ಇಂಧನ ತುಂಬಿದ ಟ್ಯಾಂಕರುಗಳ ಮಾದರಿಗಳೂ ತೃಪ್ತಿಕರವಾಗಿದ್ದವು. ಎರಡೂ ಎಂಜಿನ್ನುಗಳ ಇಂಧನ ಸ್ವಿಚ್ಚುಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಬಂದಿದ್ದವೆಂದು ವರದಿಯು ಹೇಳಿತೇ ಹೊರತು ಅದಕ್ಕೆ ಯಾರು ಅಥವಾ ಏನು ಕಾರಣವೆಂದು ತೀರ್ಪು ನೀಡಲಿಲ್ಲ. ಆದರೂ ಮೃತ ಪೈಲಟ್ಟರ ಮೇಲೆ ಗೂಬೆ ಕೂರಿಸುವ ಕೆಲಸ ದೇಶವಿದೇಶಗಳಲ್ಲಿ ನಡೆಯಿತು. ತನಿಖಾ ದಳವೇ ಹೇಳಿಕೆ ನೀಡಿ ಅವಸರದ ನಿರ್ಣಯಕ್ಕೆ ಬರಬಾರದೆಂದು ಮಾಧ್ಯಮಗಳನ್ನು ಕೋರಬೇಕಾಯಿತು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪ್ಟನ್ನರ ವೃದ್ಧ ತಂದೆಗೆ, ಮಗನ ಮೇಲೆ ದೋಷ ಹೊರಿಸಲಾಗಿಲ್ಲವೆಂದು ಸಮಾಧಾನ ಹೇಳಬೇಕಾಯಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧದ ಪ್ರಕಾರ ಇಂತಹ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ತಪ್ಪಿತಸ್ಥರನ್ನು ಹುಡುಕುವುದಲ್ಲ. ವಾಹಿನಿಗಳು ಇದನ್ನು ತಿರುವುಮುರುವಾಗಿಸುತ್ತವೆ.

ಬೆಳಗಾವಿಯ ಉತ್ಪಾದಕರಿಗೆ ಇದರಲ್ಲಿ ಇನ್ನೊಂದು ಪಾಠವಿದೆ. ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಜಗತ್ತಿನ ದೊಡ್ಡ ವಿಮಾನ ಕಂಪನಿಗಳಿಗೆ ಬೇಕಾದ ಬಿಡಿಭಾಗಗಳು ತಯಾರಾಗುತ್ತವೆ. ಬಿಡಿಭಾಗದ ತಯಾರಕನ ಬಂಡವಾಳವೆಂದರೆ ಅವನ ಹೆಸರು. ಸ್ಟುಡಿಯೋದಲ್ಲಿ ಕುಳಿತವರು ಒಂದು ವಾರ ಫ್ಲಾಪನ್ನೂ, ಮರುವಾರ ಎಂಜಿನ್ನನ್ನೂ ದೂರಿದರೆ ಅದರ ಹಿಂದಿರುವ ಸಾವಿರಾರು ಕೈಗಳ ಹೆಸರಿಗೆ ಮಸಿ ತಗಲುತ್ತದೆ. ಆ ಹಂತದಲ್ಲಿ ವಿಮಾನದ ಅಥವಾ ಎಂಜಿನ್ನಿನ ತಯಾರಕರಿಗೆ ಯಾವುದೇ ಕ್ರಮವನ್ನು ಸೂಚಿಸಿಲ್ಲವೆಂದು ಪ್ರಾಥಮಿಕ ವರದಿಯು ತಿಳಿಸಿತು; ಆದರೆ ಆ ಒಂದು ಸಾಲಿಗೆ ದೊರೆತ ಪ್ರಚಾರವು ಊಹೆಗಳಿಗೆ ದೊರೆತುದರ ಮುಂದೆ ಅತ್ಯಲ್ಪ.

ಮರೆತುಹೋದ ಮಂಗಳೂರು

ಅತಿಪ್ರಚಾರದಿಂದ ವಿಮಾನಯಾನವು ಸುರಕ್ಷಿತವಾಗುತ್ತದೆಯಲ್ಲವೇ ಎಂದು ಕೆಲವರು ಕೇಳಬಹುದು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಒತ್ತಡವಿಲ್ಲದೆ ಸರಕಾರಗಳು ಕದಲುವುದು ಅಪರೂಪ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ ವಿಮಾನವು ಬಿದ್ದು 92 ಮಂದಿ ಮಡಿದಾಗ, ಆ ಮಾದರಿಯ ವಿಮಾನಗಳನ್ನೇ ತಿಂಗಳುಗಟ್ಟಲೆ ನೆಲಕ್ಕಿಳಿಸಲಾಯಿತು. ಆದರೆ ಪ್ರಚಾರವು ಯಾವಾಗ ಬೇಕೋ ಆಗ ಇರುವುದಿಲ್ಲವೆಂಬುದಕ್ಕೆ ಮಂಗಳೂರೇ ಸಾಕ್ಷಿ.

2010ರಲ್ಲಿ ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇಯಲ್ಲಿ ಬಹುದೂರ ಮುಂದೆ ಬಂದು ನೆಲ ಮುಟ್ಟಿ, ಅಂಚನ್ನು ದಾಟಿ ಕಂದಕಕ್ಕೆ ಉರುಳಿತು. ಬದುಕುಳಿದವರು ಎಂಟು ಮಂದಿ. ಮಡಿದವರಲ್ಲಿ ಬಹುಪಾಲು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಭಾಗದ ಕುಟುಂಬಗಳವರು. ಮೊದಲ ವಾರ ಕ್ಯಾಮೆರಾಗಳ ಜಾತ್ರೆಯೇ ನೆರೆದಿತ್ತು. ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾಗಿದ್ದ ಸಂದರ್ಭದಲ್ಲಿ ಹಾಗೆ ಮಾಡದಿದ್ದುದೇ ಮುಖ್ಯ ಕಾರಣವೆಂದು ತನಿಖಾ ವರದಿ ಹೇಳುವಷ್ಟರಲ್ಲಿ ಜಾತ್ರೆ ಕರಗಿತ್ತು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನ ಅಂತಹುದೇ ಗುಡ್ಡದ ರನ್‌ವೇಯಲ್ಲಿ ಅಂತಹುದೇ ವಿಮಾನವು ಅದೇ ರೀತಿಯಲ್ಲಿ ತಡವಾಗಿ ನೆಲ ಮುಟ್ಟಿ ಕೆಳಗುರುಳಿ 21 ಮಂದಿ ಮಡಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಿದೆ. ಇಲ್ಲಿ ಬಾಗಿಲು ಹಾಕಿದರೋ ಇಲ್ಲವೋ ಎಂಬುದನ್ನು ಹತ್ತು ವರ್ಷ ನಿರಂತರವಾಗಿ ಕೇಳುವವರೇ ಇರಲಿಲ್ಲ.

ಪರಿಹಾರದ ಕಥೆಯೂ ಇಂತಹುದೇ. ಮಂಗಳೂರಿನ ಸಂತ್ರಸ್ತರಲ್ಲಿ ಕೆಲವರು ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿಯಬೇಕಾಯಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿಗಳ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು ನಿಗದಿಪಡಿಸಿದುದು 2020ರ ಮೇ ತಿಂಗಳಿನಲ್ಲಿ. ದುರಂತ ಸಂಭವಿಸಿ ಸರಿಯಾಗಿ ಹತ್ತು ವರ್ಷಗಳಾಗಿದ್ದವು. ಹೀಗೆ ಮೊದಲ ಹತ್ತು ದಿನಗಳ ಅತಿಪ್ರಚಾರವೂ ಮುಂದಿನ ಹತ್ತು ವರ್ಷಗಳ ಮೌನವೂ ಒಂದೇ ನಾಣ್ಯದ ಎರಡು ಮುಖಗಳಾಗಿವೆ.

ಖಾನಾಪುರದ ದಾರಿ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಹಿಂದೆ 4ಎ ಎಂದು ಕರೆಯಲಾಗುತ್ತಿದ್ದ, ಈಗ 748ನೆಯ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿಯು ಲೋಂಡಾ, ಅನಮೋಡಗಳ ಮೂಲಕ ಪಣಜಿಯನ್ನು ಸೇರುತ್ತದೆ. ಜಾಂಬೋಟಿ, ಕಣಕುಂಬಿಗಳನ್ನು ಹಾದು ಚೋರ್ಲಾ ಘಟ್ಟ ಇಳಿಯುವ ದಾರಿ ಇನ್ನೊಂದು. ಗೋವೆಯ ಅಡುಗೆಮನೆಗಳಿಗೆ ಬೆಳಗಾವಿಯ ತರಕಾರಿ ಹೋಗುವುದು ಈ ದಾರಿಗಳಲ್ಲಿ. ಖಾನಾಪುರದ ಹೆಂಚು, ಇಟ್ಟಿಗೆಗಳು ಸಾಗುವುದು ಈ ದಾರಿಗಳಲ್ಲಿ. ಉದ್ಯಮಬಾಗದ ಫೌಂಡ್ರಿ, ಯಂತ್ರಶಾಲೆಗಳಿಗೆ ಹಳ್ಳಿಗಳಿಂದ ದ್ವಿಚಕ್ರ ವಾಹನಗಳಲ್ಲಿ ಬರುವ ಕಾರ್ಮಿಕರ ದಾರಿಯೂ ಇದೇ. ಖಾನಾಪುರದಿಂದ ಗೋವೆಯ ಗಡಿಯವರೆಗಿನ ರಸ್ತೆ ಅಗಲೀಕರಣದ ಕಾಮಗಾರಿಯು ಅರಣ್ಯದ ಅನುಮತಿ, ಮರ ಕಡಿತದ ತಕರಾರುಗಳ ನಡುವೆ ವರ್ಷಗಟ್ಟಲೆ ಕುಂಟಿದುದನ್ನು ಸರಕು ಸಾಗಣೆದಾರರು ಬಲ್ಲರು.

2022ರ ಜೂನ್ 26ರಂದು ಬೆಳಗಾವಿಯ ಸಮೀಪ ಕಲ್ಯಾಳ ಸೇತುವೆಯ ಬಳಿ ಕೂಲಿಕಾರರನ್ನು ಕರೆತರುತ್ತಿದ್ದ ವಾಹನವು ನಾಲೆಗೆ ಉರುಳಿ ಏಳು ಮಂದಿ ಮೃತಪಟ್ಟರು. 2024ರ ಫೆಬ್ರವರಿಯಲ್ಲಿ ಖಾನಾಪುರ ತಾಲೂಕಿನ ಬೀಡಿಯ ಹತ್ತಿರ ಕಾರೊಂದು ಮರಕ್ಕೆ ಬಡಿದು ಆರು ಮಂದಿ ಅಸುನೀಗಿದರು. ಈ ಎರಡೂ ಸ್ಥಳಗಳಲ್ಲಿ ತಿರುವಿನ ಸೂಚನಾಫಲಕ ಹೇಗಿತ್ತು, ತಡೆಗೋಡೆ ಇತ್ತೇ, ಚಾಲಕನಿಗೆ ನಿದ್ರೆಯಾಗಿತ್ತೇ, ವಾಹನದಲ್ಲಿ ಎಷ್ಟು ಜನರಿಗೆ ಅವಕಾಶವಿತ್ತು ಎಂಬುದರ ಬಗ್ಗೆ ಸಾರ್ವಜನಿಕ ವರದಿಯೊಂದನ್ನು ಓದಿದ ನೆನಪು ಯಾರಿಗಾದರೂ ಇದೆಯೇ? ವಿಮಾನವೊಂದು ಬಿದ್ದರೆ ಮೂವತ್ತು ದಿನಗಳಲ್ಲಿ ಪ್ರಾಥಮಿಕ ವರದಿ ಹೊರಬರುತ್ತದೆ. ರಸ್ತೆಯ ಸಾವಿಗೆ ಒಂದು ಪೊಲೀಸ್ ಪಂಚನಾಮೆ, ಒಂದು ವಿಮಾ ದಾವೆ; ಅಲ್ಲಿಗೆ ಮುಗಿಯಿತು.

ವರ್ತಕರು ಮಾಡಬಹುದಾದುದು

ಮಾಧ್ಯಮಗಳನ್ನು ಶಪಿಸಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ. ವರ್ತಕ ಬಾಂಧವರ ಕೈಯಲ್ಲಿಯೇ ಕೆಲವು ಉಪಾಯಗಳಿವೆ.

ಮೊದಲನೆಯದಾಗಿ, ಜಾಹೀರಾತು ನೀಡುವವರು ಒಬ್ಬೊಬ್ಬರಾಗಿ ಸಣ್ಣವರಾದರೂ ಒಗ್ಗೂಡಿದರೆ ಸಣ್ಣವರಲ್ಲ. ಚಿನ್ನದಂಗಡಿ, ಬಟ್ಟೆಯಂಗಡಿ, ಪಂಪ್‌ಸೆಟ್ ತಯಾರಕರ ಹಣವೇ ಪ್ರಾದೇಶಿಕ ವಾಹಿನಿಗಳ ಹಾಗೂ ಪತ್ರಿಕೆಗಳ ಜೀವಾಳ. ದುರಂತದ ದಿನಗಳಲ್ಲಿ ಊಹಾಪೋಹದ ಚರ್ಚೆಗಳ ನಡುವೆ ತಮ್ಮ ಜಾಹೀರಾತು ಬೇಡವೆಂದೂ, ಜಿಲ್ಲೆಯ ರಸ್ತೆಗಳ ಬಗ್ಗೆ ಶ್ರಮವಹಿಸಿ ಸಿದ್ಧಪಡಿಸಿದ ವರದಿಗಳಿಗೆ ತಮ್ಮ ಬೆಂಬಲವಿದೆಯೆಂದೂ ವಾಣಿಜ್ಯ ಮಂಡಳಿಯ ಮೂಲಕ ಲಿಖಿತವಾಗಿ ತಿಳಿಸುವುದು ಸಾಧ್ಯವಿದೆ. ಸುದ್ದಿಯಲ್ಲಿ ಏನಿರಬೇಕೆಂದು ಆಜ್ಞಾಪಿಸುವುದು ವರ್ತಕರ ಕೆಲಸವಲ್ಲ. ತಮ್ಮ ಹಣ ಎಲ್ಲಿ ಇರಬೇಕೆಂದು ನಿರ್ಧರಿಸುವುದು ಖಂಡಿತ ಅವರ ಕೆಲಸ.

ಎರಡನೆಯದಾಗಿ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯಗಳಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಸಂಭವಿಸಿದರೆ ಅದನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸಿ ಸರಿಪಡಿಸಬೇಕೆಂಬ ನಿಯಮವಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೂ ಇದೆ. ಬೆಳಗಾವಿ–ಖಾನಾಪುರ, ಚೋರ್ಲಾ ಮತ್ತು ಪುಣೆ–ಬೆಂಗಳೂರು ಹೆದ್ದಾರಿಗಳಲ್ಲಿ ಪ್ರತಿ ತಿಂಗಳು ಎಲ್ಲಿ, ಎಷ್ಟು ಮಂದಿ, ಯಾವ ಕಾರಣದಿಂದ ಮೃತಪಟ್ಟರೆಂಬ ಪಟ್ಟಿಯನ್ನು ಪೊಲೀಸ್ ದಾಖಲೆಗಳಿಂದ ಪಡೆದು ಮಂಡಳಿಯ ಪತ್ರಿಕೆಯಲ್ಲಿ ಪ್ರಕಟಿಸಿದರೆ, ಸಮಿತಿಯ ಮುಂದೆ ಮಂಡಿಸಲು ಗಟ್ಟಿಯಾದ ಆಧಾರ ದೊರೆಯುತ್ತದೆ. ಧಾರಣೆಪಟ್ಟಿಯನ್ನು ತಪ್ಪದೆ ನೋಡುವವರು ಈ ಪಟ್ಟಿಯನ್ನೂ ನೋಡಲಿ.

ಮೂರನೆಯದಾಗಿ, ಉಪದೇಶವು ಮನೆಯಿಂದಲೇ ಆರಂಭವಾಗಬೇಕು. ಸರಕಿನ ಮೇಲೆ ಕೂಲಿಕಾರರನ್ನು ಕೂಡಿಸಿ ಕಳುಹಿಸುವುದು, ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕನನ್ನು ಬೆಳಿಗ್ಗೆ ಮತ್ತೊಂದು ಬಾಡಿಗೆಗೆ ಅಟ್ಟುವುದು, ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವೂ ಪ್ರತಿಫಲಕ ಪಟ್ಟಿಯೂ ಇಲ್ಲದ ಟ್ರೇಲರುಗಳನ್ನು ಕತ್ತಲಲ್ಲಿ ಹೆದ್ದಾರಿಗೆ ಬಿಡುವುದು ಯಾವ ವಾಹಿನಿಯ ತಪ್ಪೂ ಅಲ್ಲ.

ಕೊನೆಯದಾಗಿ, ತಿಳಿವಳಿಕೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ, ಗರಿಷ್ಠ 1.5 ಲಕ್ಷ ರೂಪಾಯಿಗಳವರೆಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಸರಕಾರದ ಯೋಜನೆಯು 2025ರ ಮೇ 5ರಂದು ಜಾರಿಗೆ ಬಂದಿತು. ಅಹಮದಾಬಾದಿನ ದುರಂತಕ್ಕೆ ಐದು ವಾರಗಳ ಮುಂಚಿನ ಸುದ್ದಿಯಿದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸ್ ತೊಂದರೆಯಿಂದ ರಕ್ಷಿಸುವ ಅವಕಾಶವು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿದೆ. 11ಎ ಆಸನದ ಸಂಖ್ಯೆ ಬಾಯಿಪಾಠವಾಗಿರುವ ಎಷ್ಟು ಮಂದಿ ಲಾರಿ ಚಾಲಕರಿಗೆ ಈ ಎರಡು ಸಂಗತಿಗಳು ತಿಳಿದಿವೆ? ಇವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಪ್ರತಿಯೊಂದು ಗೋದಾಮು, ಟ್ರಾನ್ಸ್‌ಪೋರ್ಟ್ ಕಚೇರಿ, ಹೆಂಚಿನ ಕಾರ್ಖಾನೆಯ ಬಾಗಿಲಲ್ಲಿ ಅಂಟಿಸಲು ಹೆಚ್ಚಿನ ವೆಚ್ಚವೇನೂ ತಗಲದು.

ವಿಮಾನ ದುರಂತದಲ್ಲಿ ಮಡಿದವರಿಗೆ ಸಲ್ಲುವ ಕಂಬನಿಯನ್ನು ಕಡಿಮೆ ಮಾಡಬೇಕೆಂಬುದು ಇಲ್ಲಿನ ಆಶಯವಲ್ಲ. ವಿಮಾನಯಾನವು ಇಷ್ಟು ಸುರಕ್ಷಿತವಾದುದು ಪ್ರತಿಯೊಂದು ಸಾವಿನಿಂದ ತಾಳ್ಮೆಯಿಂದ ಪಾಠ ಕಲಿತುದರಿಂದ, ಸ್ಟುಡಿಯೋಗಳ ಕೂಗಾಟದಿಂದಲ್ಲ. ಅದೇ ತಾಳ್ಮೆಯ ಪರಿಶೀಲನೆಯು ಖಾನಾಪುರದ ದಾರಿಯಲ್ಲಿ ಮಡಿಯುವ ಕಾರ್ಮಿಕನಿಗೂ, ಸಂತೆಗೆ ಹೊರಟ ತರಕಾರಿ ವ್ಯಾಪಾರಿಗೂ ಸಲ್ಲಬೇಕಾಗಿದೆ. ಆ ಕೆಲಸವನ್ನು ವಾಹಿನಿಗಳು ಕೈಗೊಳ್ಳುವವರೆಗೆ ಕಾಯದೆ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಗೆ ಮೊದಲ ಪಟ್ಟಿಯೊಡನೆ ಹೋಗುವುದು ವರ್ತಕ ಸಮಾಜಕ್ಕೆ ಶೋಭೆ ತರುವ ಕಾರ್ಯವಾಗಿದೆ.